ಆಯುಧಪೂಜೆಯೂ ಎಣ್ಣೆ ಹತ್ತಿದ ಕೈಯೂ



೨೦೨೪ರ ಅಕ್ಟೋಬರಿನಲ್ಲಿ ನಾನು ಬಾಸ್ಟನ್ ನಗರದ ಸಮೀಪ ಕಿರಿಯ ಮಗನ ಮನೆಯಲ್ಲಿದ್ದೆ. ನವರಾತ್ರಿಯ ಶನಿವಾರದಂದು ತೆಗೆದ ಒಂದು ಛಾಯಾಚಿತ್ರವನ್ನು ಊರಿಗೆ ಮರಳಿದ ಮೇಲೆ ನಿಮ್ಮಲ್ಲಿ ಹಲವರಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದೆ. ಅದರಲ್ಲಿ ಕೆಂಪು ಬಣ್ಣದ ಪುಟ್ಟ ಕಾರೊಂದು ಮೂತಿ ಮೇಲೆತ್ತಿಕೊಂಡು ನಿಂತಿದೆ. ಅದರ ಅಡಿಯಿಂದ ನನ್ನ ಮಗನ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿವೆ. ಪಕ್ಕದಲ್ಲಿ ಹನ್ನೊಂದು ವರ್ಷದ ಮೊಮ್ಮಗಳು ಟಾರ್ಚು ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಈ ಚಿತ್ರವನ್ನು ನೋಡಿ ಸಂತೋಷಪಡುವಿರೆಂದು ನಾನು ಭಾವಿಸಿದ್ದೆ. ಬಂದ ಉತ್ತರಗಳಲ್ಲಿ ಎರಡು ನನ್ನ ನಿದ್ರೆಯನ್ನು ಕೆಡಿಸಿದವು.

ಮೊದಲನೆಯದು ನನ್ನ ಭಾವಮೈದುನನದು. “ಭಾವ, ಅಷ್ಟು ಓದಿಸಿ ಕೊನೆಗೆ ಹುಡುಗನನ್ನು ಮೆಕ್ಯಾನಿಕ್ ಮಾಡಿಬಿಟ್ಟಿರಲ್ಲ! ಅಲ್ಲಿ ಅಷ್ಟೊಂದು ಕಷ್ಟವೇ? ಈ ಫೋಟೋವನ್ನು ದಯವಿಟ್ಟು ಬೀಗರಿಗೆ ತೋರಿಸಬೇಡಿ” ಎಂದು ಬರೆದಿದ್ದ. ಎರಡನೆಯದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಅವನು ಹಾಸ್ಯ ಮಾಡಲಿಲ್ಲ, ಲೆಕ್ಕ ಮಾಡಿದ. “ಸಾರ್, ನಿಮ್ಮ ಮಗನ ಒಂದು ಗಂಟೆಯ ಸಂಪಾದನೆ ಎಷ್ಟು? ಈ ಕೆಲಸಕ್ಕೆ ಎಷ್ಟು ಗಂಟೆ? ಅಂಗಡಿಯಲ್ಲಿ ಮಾಡಿಸಿದರೆ ಎಷ್ಟು? ಕಳೆದು ನೋಡಿ, ಇದು ಶುದ್ಧ ನಷ್ಟ” ಎಂದು ತೀರ್ಪಿತ್ತ. ಇವರಿಬ್ಬರಿಗೂ ಒಂದೊಂದು ಸಾಲಿನ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಈ ಎರಡು ಮಾತುಗಳನ್ನು ನಾನು ನನ್ನ ಆಯುಷ್ಯವೆಲ್ಲ ಕೇಳುತ್ತ ಬಂದಿದ್ದೇನೆ, ಒಂದು ಕಾಲಕ್ಕೆ ನಾನೇ ಆಡಿಯೂ ಇದ್ದೇನೆ. ಆದ್ದರಿಂದ ಇದನ್ನು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಕೋಪ ಸ್ವಲ್ಪ ಹೆಚ್ಚಾಗಿ ಕಂಡರೆ ವಯಸ್ಸಿನ ದೋಷವೆಂದು ಕ್ಷಮಿಸಿ.

ಮೊದಲು ಆ ಕಾರಿನ ವಿಷಯ. ಅದು ಮಾಜ್ದಾ ಕಂಪನಿಯ ಮಿಯಾಟಾ, ೨೦೦೧ರ ಮಾದರಿ. ಮಗ ಅದನ್ನು ಕೊಂಡಾಗಲೇ ಅದು ಎರಡು ಕೈ ದಾಟಿ ಬಂದಿತ್ತು. ಎರಡೇ ಆಸನ, ಮಡಚಿ ಹಿಂದಕ್ಕೆ ತಳ್ಳಬಹುದಾದ ಬಟ್ಟೆಯ ಮಾಡು. ಈ ಕಾರು ಮೊದಲು ಲೋಕಕ್ಕೆ ಕಾಣಿಸಿಕೊಂಡದ್ದು ೧೯೮೯ರ ಷಿಕಾಗೋ ವಾಹನ ಪ್ರದರ್ಶನದಲ್ಲಿ. ಎರಡಾಸನದ ಕ್ರೀಡಾಕಾರುಗಳ ಪೈಕಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಮಾರಾಟವಾದದ್ದೆಂದು ೨೦೦೦ದಲ್ಲಿ ಗಿನ್ನೆಸ್ ಸಂಸ್ಥೆ ಅದನ್ನು ದಾಖಲಿಸಿತು. ೨೦೧೬ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಅಂದರೆ ಇದು ಕುಬೇರರ ಕಾರಲ್ಲ. ಬುಗಾಟಿ ವೇರಾನ್ ಎಂಬ ಕಾರಿನ ಎಂಜಿನ್ ಆಯಿಲ್ ಬದಲಾಯಿಸಲು ಸುಮಾರು ೨೦ ಸಾವಿರ ಡಾಲರುಗಳಾಗುತ್ತವೆಂದು ವಾಹನ ಪತ್ರಿಕೆಗಳಲ್ಲಿ ಬಂದಿದೆ. ಅದನ್ನು ಕೊಂಡವರ ಚಿಂತೆ ನಮಗೆ ಬೇಡ. ಮಿಯಾಟಾ ಸಾಧಾರಣ ಗೃಹಸ್ಥನ ಕ್ರೀಡಾಕಾರು. ಅದರ ಗುಣವೂ ತೊಡಕೂ ಒಂದೇ: ನೆಲಕ್ಕೆ ಬಲು ಸಮೀಪ. ಅದರೊಳಗೆ ಕುಳಿತುಕೊಳ್ಳುವುದೆಂದರೆ ನನ್ನಂಥವನಿಗೆ ಬಾವಿಗೆ ಇಳಿದಂತೆ. ಏಳಬೇಕಾದರೆ ಸೊಸೆ ಬಂದು ಕೈಕೊಡಬೇಕು. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ನನ್ನ ಅಂಗೈ ಅಗಲಕ್ಕಿಂತ ಸ್ವಲ್ಪವೇ ಹೆಚ್ಚಿನ ಅಂತರ.

ಇಂಥ ಕಾರಿನ ಆಯಿಲ್ ಬದಲಾಯಿಸುವುದನ್ನು ನಾನು ಕುರ್ಚಿ ಹಾಕಿಕೊಂಡು ಆದ್ಯಂತ ನೋಡಿದೆ. ನಲವತ್ತು ವರ್ಷ ಪಾಠ ಹೇಳಿದವನು ಎರಡು ಗಂಟೆ ಪಾಠ ಕೇಳಿದೆ ಎಂದರೂ ಸಲ್ಲುತ್ತದೆ.

ಸಾಮಾನ್ಯ ಜಾಕು ಅದರ ಅಡಿಗೆ ನುಗ್ಗುವುದೇ ಇಲ್ಲ. ಕಾರನ್ನು ಏರಿಸುವ ಇಳಿಜಾರು ಹಲಗೆಗಳೆಂದು ಅಂಗಡಿಯಲ್ಲಿ ಮಾರುವ ಪ್ಲಾಸ್ಟಿಕ್ ರ‍್ಯಾಂಪುಗಳನ್ನು ಇಟ್ಟರೆ ಚಕ್ರ ತಾಗುವ ಮೊದಲು ಕಾರಿನ ಗಲ್ಲವೇ ಅವುಗಳಿಗೆ ತಾಗುತ್ತದೆ. ಆದ್ದರಿಂದ ಮಗ ಮೊದಲು ಎರಡು ದಪ್ಪ ಮರದ ಹಲಗೆಗಳ ಮೇಲೆ ಮುಂದಿನ ಚಕ್ರಗಳನ್ನು ಹತ್ತಿಸಿದ. ಅಷ್ಟರಿಂದ ದೊರೆತ ಒಂದೂವರೆ ಅಂಗುಲದ ಅಂತರದಲ್ಲಿ ತಗ್ಗು ಮೈಯ ಜಾಕನ್ನು ತೂರಿಸಿದ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಕಾರನ್ನು ಮೆಲ್ಲಗೆ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡುಗಳನ್ನು ಕಂಪನಿ ಸೂಚಿಸಿದ ಜಾಗಗಳಲ್ಲಿಯೇ ನಿಲ್ಲಿಸಿ, ಭಾರವನ್ನು ಅವುಗಳ ಮೇಲೆ ಇಳಿಸಿದ. ಆಮೇಲೆ ಕಾರನ್ನು ಹಿಡಿದು ಬಲವಾಗಿ ಅಲುಗಿಸಿದ. “ಯಾಕೋ ಹಾಗೆ ಗುದ್ದಾಡುತ್ತೀಯೆ?” ಎಂದೆ. “ಬೀಳುವುದಾದರೆ ನಾನು ಹೊರಗಿರುವಾಗಲೇ ಬೀಳಲಿ ಅಣ್ಣ” ಎಂದ. ನಮ್ಮ ಮನೆಯಲ್ಲಿ ಮಕ್ಕಳು ನನ್ನನ್ನು ಅಣ್ಣ ಎಂದೇ ಕರೆಯುವುದು ಬಂಧುಗಳಿಗೆ ಗೊತ್ತು. ಅಷ್ಟು ಸಾಲದೆಂದು ಹೆಚ್ಚುವರಿ ಚಕ್ರವೊಂದನ್ನು ತಂದು ಕಾರಿನ ಅಂಚಿನಡಿಗೆ ಮಲಗಿಸಿದ. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ ಎಂಬುದನ್ನು ಮಗಳಿಗೆ ಮೂರು ಸಲ ಹೇಳಿಸಿದ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ನುಸುಳಿ ಪ್ರಾಣ ಕಳೆದುಕೊಂಡವರಿದ್ದಾರೆ. ನನ್ನ ಲೇಖನವನ್ನು ಓದಿ ಉತ್ಸಾಹದಿಂದ ಹೊರಡುವ ಯಾರಾದರೂ ಇದ್ದರೆ ಮುಂದಿನ ಸಾಲುಗಳನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಎಂಜಿನನ್ನು ಮೊದಲೇ ಕೆಲವು ನಿಮಿಷ ಓಡಿಸಿ ಬೆಚ್ಚಗೆ ಮಾಡಿದ್ದ. ಬೆಚ್ಚಗಿನ ಎಣ್ಣೆ ಸರಾಗವಾಗಿ ಹರಿಯುತ್ತದೆ, ಕೊಳೆಯನ್ನೂ ತನ್ನೊಡನೆ ಹೊತ್ತು ತರುತ್ತದೆ. ಹತ್ತೊಂಬತ್ತನೆಯ ನಂಬರಿನ ಸ್ಪ್ಯಾನರಿನಿಂದ ಅಡಿಯ ಬಿರಡೆಯನ್ನು ಸಡಿಲಿಸಿದಾಗ ಕಪ್ಪು ಎಣ್ಣೆ ಬಾಗಿದ ಧಾರೆಯಾಗಿ ಹಾರಿ ತಟ್ಟೆಗೆ ಬಿತ್ತು. ನಮ್ಮೂರ ಆಲೆಮನೆಯಲ್ಲಿ ಕೊಪ್ಪರಿಗೆ ಬಗ್ಗಿಸಿದಾಗ ಬೆಲ್ಲದ ಪಾಕ ಅಚ್ಚಿಗೆ ಬೀಳುವುದು ನೆನಪಾಯಿತು. ನಿಜವಾದ ಪರೀಕ್ಷೆ ಫಿಲ್ಟರಿನದು. ಈ ಕಾರಿನಲ್ಲಿ ಅದನ್ನು ಎಂಜಿನ್ನಿನ ಬಲಮಗ್ಗುಲಲ್ಲಿ, ಗಾಳಿ ಒಳಬರುವ ಕೊಳವೆಗಳ ಅಡಿಯಲ್ಲಿ, ಮೇಲಿನಿಂದಲೂ ಕಾಣದಂತೆ ಕೆಳಗಿನಿಂದಲೂ ಕಾಣದಂತೆ ಅಡಗಿಸಿದ್ದಾರೆ. ಅದನ್ನು ಅಲ್ಲಿಟ್ಟ ಮಹಾನುಭಾವನಿಗೆ ಒಂದು ದಿನವಾದರೂ ಅದನ್ನು ಬಿಚ್ಚುವ ಶಿಕ್ಷೆ ವಿಧಿಸಬೇಕಿತ್ತು. ಕುರುಡನಂತೆ ಕೈಯನ್ನು ಮೊಣಕೈವರೆಗೆ ತೂರಿಸಿ, ಬೆರಳುಗಳಿಂದಲೇ ನೋಡುತ್ತ ತಿರುಗಿಸಬೇಕು. ಬಿಚ್ಚಿದೊಡನೆ ಎಣ್ಣೆ ಮೊಣಕೈಗುಂಟ ಇಳಿದು ಕಂಕುಳು ಸೇರುತ್ತದೆ. ಹಳೆಯ ಫಿಲ್ಟರಿನ ರಬ್ಬರು ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಅದನ್ನು ನೋಡದೆ ಹೊಸದನ್ನು ಕೂಡಿಸಿದರೆ ಎರಡು ಬಳೆಗಳ ನಡುವಿನಿಂದ ಎಣ್ಣೆಯೆಲ್ಲ ಸೋರಿ ಎಂಜಿನ್ ಹಾಳಾಗುತ್ತದೆ. ಮಗ ಬಳೆ ಹಳೆಯದರೊಡನೆಯೇ ಬಂದಿದೆಯೆಂದು ಟಾರ್ಚಿನ ಬೆಳಕಿನಲ್ಲಿ ನೋಡಿದ, ಮೊಮ್ಮಗಳಿಗೂ ತೋರಿಸಿದ. ಹೊಸ ಬಳೆಗೆ ಹೊಸ ಎಣ್ಣೆ ಸವರಿ, ಸ್ಪ್ಯಾನರು ಮುಟ್ಟಿಸದೆ ಕೈಯಿಂದಲೇ ಬಿಗಿಮಾಡಿದ. ಬಿರಡೆಗೆ ಹೊಸ ವಾಷರು. ಮೇಲಿನಿಂದ ಮೂರು ಮುಕ್ಕಾಲು ಲೀಟರಿನಷ್ಟು ಎಣ್ಣೆ. ಕಾರನ್ನು ಇಳಿಸಿ, ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಅಳತೆಯ ಕಡ್ಡಿಯನ್ನು ಹೊರಗೆಳೆದು ಒರೆಸಿ ಅದ್ದಿ ನೋಡಿದರು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಆ ಊರಿನಲ್ಲಿ ಈ ಕಾರು ವಸಂತದವರೆಗೆ ಕದಲುವುದಿಲ್ಲ. ದುಡಿದ ಎಣ್ಣೆಯಲ್ಲಿ ನೀರಿನಂಶವೂ ಆಮ್ಲಗಳೂ ಸೇರಿರುತ್ತವೆ. ಅವು ನಾಲ್ಕೈದು ತಿಂಗಳು ಎಂಜಿನ್ನಿನ ಹೊಟ್ಟೆಯಲ್ಲಿ ಕುಳಿತಿರಬಾರದೆಂದೇ ಮಲಗಿಸುವ ಮೊದಲು ಎಣ್ಣೆ ಬದಲಾಯಿಸಿದ್ದು. ಇದಿಷ್ಟನ್ನೂ ಮೊಮ್ಮಗಳು ನನಗೆ ಸಂಜೆ ಒಪ್ಪಿಸಿದಳು, ಅರ್ಧ ಇಂಗ್ಲಿಷಿನಲ್ಲಿ.

ಇನ್ನು ಆ ಲೆಕ್ಕಿಗ ಶಿಷ್ಯನಿಗೆ.

ಅಪ್ಪಾ, ನಿನ್ನ ಕಳೆಯುವ ಲೆಕ್ಕ ಸರಿಯಾಗಿಯೇ ಇದೆ. ನಿನಗೆ ಗಣಿತ ಕಲಿಸಿದವರು ಬೇರೆಯವರಾದರೂ ಅವರ ಪರವಾಗಿ ಸಂತೋಷಪಡುತ್ತೇನೆ. ಆದರೆ ಆ ಶನಿವಾರ ಬೆಳಿಗ್ಗೆ ನನ್ನ ಮಗನಿಗೆ ಯಾರೂ ಗಂಟೆಗಿಷ್ಟೆಂದು ಕೊಡಲು ಕಾದು ನಿಂತಿರಲಿಲ್ಲ. ಆ ಎರಡು ಗಂಟೆಗಳಲ್ಲಿ ಅವನು ಮತ್ತೇನು ಮಾಡುತ್ತಿದ್ದ? ದೂರದರ್ಶನ ನೋಡುತ್ತಿದ್ದ, ಇಲ್ಲವೇ ಹಣ ಕೊಟ್ಟು ವ್ಯಾಯಾಮಶಾಲೆಗೆ ಹೋಗಿ ಕಬ್ಬಿಣ ಎತ್ತುತ್ತಿದ್ದ. ಸಂಗೀತ ಕಲಿಯುವವನಿಗೆ, ತೋಟದಲ್ಲಿ ಕಳೆ ಕೀಳುವವನಿಗೆ, ಬೆಟ್ಟ ಹತ್ತುವವನಿಗೆ ನೀನು ಈ ಪ್ರಶ್ನೆ ಕೇಳುವುದಿಲ್ಲ. ಎಣ್ಣೆ ಮುಟ್ಟಿದವನಿಗೆ ಮಾತ್ರ ಕೇಳುತ್ತೀಯೆ. ನಿನ್ನ ಲೆಕ್ಕದ ಅಡಿಯಲ್ಲಿರುವುದೂ ನನ್ನ ಭಾವಮೈದುನನ ಮಾತೇ ಎಂಬ ಅನುಮಾನ ನನಗೆ ಬಂದದ್ದು ಇಲ್ಲಿಯೇ.

ಅಂಗಡಿಯವರು ನಿಪುಣರು, ಅವರಿಗೇ ಬಿಡಬೇಕು ಎಂಬ ಮಾತೂ ಉಂಟು. ನಿಪುಣ ಮೆಕ್ಯಾನಿಕ್ಕಿಗೆ ನಾನು ಕೈಮುಗಿಯುತ್ತೇನೆ. ಆದರೆ ಹತ್ತು ನಿಮಿಷದಲ್ಲಿ ಆಯಿಲ್ ಬದಲಾಯಿಸಿ ಕಳುಹಿಸುವ ಅಂಗಡಿಗಳಲ್ಲಿ ಅನೇಕ ವೇಳೆ ಕೆಲಸ ಮಾಡುವವನು ವಾರದ ಹಿಂದೆ ಸೇರಿದ ಹುಡುಗ. ಅವನ ತಪ್ಪಲ್ಲ, ಅವನಿಗೆ ಕೊಟ್ಟಿರುವುದೇ ಹತ್ತು ನಿಮಿಷ. ಮಗ ಈ ಕಾರನ್ನು ಕೊಂಡ ಹೊಸದರಲ್ಲಿ ಅಂಥದೊಂದು ಅಂಗಡಿಗೆ ಒಯ್ದಿದ್ದನಂತೆ. ಯಂತ್ರದ ಸ್ಪ್ಯಾನರಿನಿಂದ ಬಿರಡೆಯನ್ನು ಎಷ್ಟು ಬಿಗಿದಿದ್ದರೆಂದರೆ ಮುಂದಿನ ಸಲ ಬಿಚ್ಚುವಾಗ ಅದರ ಮರೆಯೇ ಕಿತ್ತುಬಂದಿತು. ಅಲ್ಲದೆ ಪ್ರತಿ ೩ ಸಾವಿರ ಮೈಲಿಗೊಮ್ಮೆ ಬನ್ನಿ ಎಂದು ಗಾಜಿಗೆ ಚೀಟಿ ಅಂಟಿಸಿ ಕಳುಹಿಸುವ ಸಂಪ್ರದಾಯ ಬೇರೆ. ಈಗಿನ ಎಣ್ಣೆಗಳೂ ಎಂಜಿನ್ನುಗಳೂ ಬಹುಪಾಲು ಅದಕ್ಕಿಂತ ಎಷ್ಟೋ ಹೆಚ್ಚು ದೂರ ತಾಳುತ್ತವೆ. ಕ್ಯಾಲಿಫೋರ್ನಿಯಾದ ಸರಕಾರಿ ತ್ಯಾಜ್ಯ ನಿರ್ವಹಣಾ ಇಲಾಖೆಯೇ ೨೦೧೧ರಲ್ಲಿ, ಚೀಟಿಯನ್ನು ನಂಬಬೇಡಿ, ನಿಮ್ಮ ಕಾರಿನ ಕೈಪಿಡಿಯನ್ನು ನೋಡಿ ಎಂದು ಜನರಲ್ಲಿ ಪ್ರಚಾರ ಮಾಡಿತು. ಕೈಪಿಡಿಯನ್ನು ಓದದ ಜನರಿರುವವರೆಗೆ ಚೀಟಿಯ ವ್ಯಾಪಾರ ನಡೆಯುತ್ತದೆ. ಎಣ್ಣೆಯನ್ನು ತಾನೇ ಮುಟ್ಟಿ ನೋಡುವವನಿಗೆ ಚೀಟಿ ಬೇಕಾಗುವುದಿಲ್ಲ.

ನೀನೇ ಮುಟ್ಟಿದರೆ ಕಂಪನಿಯ ವಾರಂಟಿ ಹೋಗುತ್ತದೆ ಎಂದು ಹೆದರಿಸುವವರಿಗೆ ಅಮೆರಿಕದಲ್ಲಿ ೧೯೭೫ರಲ್ಲಿಯೇ ಉತ್ತರ ದೊರೆತಿದೆ. ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆಯ ಪ್ರಕಾರ, ನಮ್ಮಲ್ಲಿಯೇ ಎಣ್ಣೆ ಬದಲಾಯಿಸಲಿಲ್ಲವೆಂಬ ಒಂದೇ ಕಾರಣದಿಂದ ಕಂಪನಿ ವಾರಂಟಿಯನ್ನು ನಿರಾಕರಿಸುವಂತಿಲ್ಲ. ಗ್ರಾಹಕನು ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡರಾಯಿತು. ನನ್ನ ಮಗನಿರುವ ಮ್ಯಾಸಚೂಸೆಟ್ಸ್ ರಾಜ್ಯದ ಜನರಂತೂ ೨೦೧೨ರಲ್ಲಿಯೂ ೨೦೨೦ರಲ್ಲಿಯೂ ಮತ ಹಾಕಿ, ವಾಹನವನ್ನು ದುರಸ್ತಿ ಮಾಡಲು ಬೇಕಾದ ಮಾಹಿತಿ ಒಡೆಯನಿಗೂ ಅವನು ಆರಿಸಿಕೊಂಡ ಮೆಕ್ಯಾನಿಕ್ಕಿಗೂ ದೊರೆಯಬೇಕೆಂದು ತೀರ್ಮಾನಿಸಿದರು. ಎರಡನೆಯ ಸಲ ಸುಮಾರು ನೂರಕ್ಕೆ ೭೫ ಜನ ಹೌದೆಂದರು. ಕಾರು ಕಂಪನಿಗಳು ಕೂಡಲೇ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಬಿಎಂಡಬ್ಲ್ಯೂ ಮೊದಲಾದವರ ಹಲವು ಎಂಜಿನ್ನುಗಳಲ್ಲಿ ಎಣ್ಣೆ ಅಳೆಯುವ ಕಡ್ಡಿಯನ್ನೇ ತೆಗೆದುಹಾಕಿದ್ದಾರೆ. ತಾನು ಕೊಂಡ ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆಯೆಂದು ಒಡೆಯ ಕಣ್ಣಾರೆ ನೋಡುವಂತಿಲ್ಲ. ಪರದೆಯ ಮೇಲೆ ಬಂದ ಅಕ್ಷರವನ್ನು ನಂಬಬೇಕು. ಒಂದು ಕಡ್ಡಿಯನ್ನು ಕಿತ್ತುಕೊಳ್ಳುವುದು ಸಣ್ಣ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಮಗನ ಹಿಂದಿನ ಬಡಾವಣೆಯಲ್ಲಿ, ಮನೆಯ ಮುಂದೆ ವಾಹನ ದುರಸ್ತಿ ಮಾಡುವುದು ನೋಟಕ್ಕೆ ಚೆನ್ನಲ್ಲವೆಂದು ನಿವಾಸಿಗಳ ಸಂಘದವರು ಕಾಗದ ಕಳುಹಿಸಿದ್ದರಂತೆ. ಕಾರು ನಿಲ್ಲಿಸುವುದು ಚೆನ್ನ, ಅದರ ಆರೈಕೆ ಮಾಡುವುದು ಅಸಹ್ಯ! ಈ ರೋಗ ನಮ್ಮದು ಮಾತ್ರವಲ್ಲವೆಂದು ತಿಳಿದು ಸ್ವಲ್ಪ ಸಮಾಧಾನವೂ ಆಯಿತೆನ್ನಿ.

ಆದರೆ ನಮ್ಮಲ್ಲಿ ಅದು ಹಳೆಯ ರೋಗ. ಭಾವಮೈದುನನೇ, ನೀನು ಪ್ರತಿವರ್ಷ ಆಯುಧಪೂಜೆಯ ದಿನ ಕಾರನ್ನು ತೊಳೆಸಿ, ಬಾನೆಟ್ಟಿನ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆದು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟು ಹಿಂಡಿಸುತ್ತೀಯೆ. ನಡುರಸ್ತೆಯಲ್ಲಿ ಬೂದುಗುಂಬಳ ಒಡೆಯುತ್ತೀಯೆ. ಅದರ ಮೇಲೆ ಜಾರಿ ಬೀಳುವವರು ಬೇರೆಯವರು. ಅದೇ ಬಾನೆಟ್ಟನ್ನು ತೆರೆಯುವ ಕೀಲು ಎಲ್ಲಿದೆಯೆಂದು ನಾನು ಕೇಳಿದಾಗ “ಡ್ರೈವರಿಗೆ ಗೊತ್ತು” ಎಂದೆ. ಎಣ್ಣೆಯ ಒತ್ತಡ ಕುಸಿದಾಗ ಹತ್ತಿಕೊಳ್ಳುವ ಕೆಂಪು ದೀಪವನ್ನು ನಮ್ಮ ಕುಟುಂಬದಲ್ಲೊಬ್ಬರು ನಂದಾದೀಪವೆಂದು ಬಗೆದು ತುಮಕೂರಿನವರೆಗೂ ಓಡಿಸಿ ಎಂಜಿನನ್ನು ಸುಟ್ಟ ಕಥೆಯನ್ನು ನೀನೇ ನಗುತ್ತ ಹೇಳಿದ್ದೆ. ಆಯುಧಕ್ಕೆ ಪೂಜೆ, ಆಯುಧ ಹಿಡಿದ ಕೈಗೆ ಉಪೇಕ್ಷೆ. ನಾವು ಮೈಲಿಗೆಯೆಂದದ್ದು ಎಣ್ಣೆಯನ್ನಲ್ಲ, ಎಣ್ಣೆ ಮುಟ್ಟುವವರನ್ನು. ಇದರ ಬೇರು ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ ಮೆಕ್ಯಾನಿಕ್ ಆದನೆಂದು ಕನಿಕರಪಡುತ್ತೀಯಲ್ಲ, ಅವನು ನಿಜವಾಗಿಯೂ ಮೆಕ್ಯಾನಿಕ್ಕೇ ಆಗಿದ್ದರೆ ನಾನು ತಲೆ ತಗ್ಗಿಸಬೇಕಿತ್ತೇನು?

ಈ ಪ್ರಶ್ನೆಯನ್ನು ನನಗೂ ಹಾಕಿಕೊಂಡೆ. ಉತ್ತರ ನನ್ನ ಪರವಾಗಿ ಬರಲಿಲ್ಲ.

೧೯೭೭ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ಶಾಲೆಗಳಿಗೆ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ವಿಷಯ ಬಂದಿತು. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಮೊಮ್ಮಗು ಅದು: ಕೈಕೆಲಸವೂ ವಿದ್ಯೆಯೇ ಎಂಬುದು ಅದರ ಆಶಯ. ನಮ್ಮ ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿಯೂ ಶುಕ್ರವಾರದ ಕೊನೆಯ ಅವಧಿ ಅದಕ್ಕೆ ಮೀಸಲಾಗಿತ್ತು. ಆ ಅವಧಿಯಲ್ಲಿ ಏನು ನಡೆಯುತ್ತಿತ್ತೆಂದು ನಿಮಗೆಲ್ಲ ನೆನಪಿದೆ. ನಾನು ಒಳಗೆ ಬಂದು “ಪುಸ್ತಕ ತೆಗೆಯಿರಿ” ಎಂದು ಸಂಧಿ ಸಮಾಸ ಪಾಠ ಮಾಡುತ್ತಿದ್ದೆ. ಫಲಿತಾಂಶ ಮುಖ್ಯವಾಗಿತ್ತು. ವರ್ಷದ ಕೊನೆಗೆ ಎಲ್ಲರಿಗೂ ಕೈಕೆಲಸದಲ್ಲಿ ಒಂದೇ ರೀತಿಯ ಅಂಕ ಹಾಕುತ್ತಿದ್ದೆವು, ಯಾರೂ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

೧೯೮೩ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ, ಆ ತರಗತಿಯವರಿಗೆ ಬೇಕಾಗಿಯೂ ಇಲ್ಲ. ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದ ಹಿಂದಿನ ಲಾರಿ ಗ್ಯಾರೇಜಿನಲ್ಲಿ ರಾತ್ರಿಯವರೆಗೆ ದುಡಿಯುತ್ತಿದ್ದ. ಅಲ್ಲಿಯ ದೀಪದಲ್ಲಿಯೇ ಮನೆಗೆಲಸ ಬರೆದು ತರುತ್ತಿದ್ದ. ಅವನ ಪ್ರಬಂಧದ ಪುಸ್ತಕದ ಅಂಚುಗಳಲ್ಲಿ ಕಪ್ಪು ಬೆರಳಚ್ಚುಗಳಿರುತ್ತಿದ್ದವು. ಒಂದು ದಿನ ಆ ಪುಸ್ತಕವನ್ನು ಎಲ್ಲರೆದುರು ಎತ್ತಿ ಹಿಡಿದು, “ಗ್ರೀಸು ಹತ್ತಿದ ಕೈಗೆ ಸರಸ್ವತಿ ಒಲಿಯುವುದಿಲ್ಲ, ಹೋಗಿ ತೊಳೆದುಕೊಂಡು ಬಾ” ಎಂದು ಹೊರಗೆ ಎಸೆದೆ. ತರಗತಿ ನಕ್ಕಿತು. ಅವನು ಹೋಗಿ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದ. ಆ ಕಲೆ ನೀರಿಗೆ ಹೋಗುವಂಥದಲ್ಲವೆಂದು ನನಗೆ ತಿಳಿದದ್ದು ಬಾಸ್ಟನ್ನಿನಲ್ಲಿ, ಮಗ ಅರ್ಧ ಗಂಟೆ ಸೋಪು ತಿಕ್ಕಿದ ಮೇಲೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದದ್ದನ್ನು ಕಂಡಾಗ. ಆ ಹುಡುಗ ದಸರಾ ರಜೆಯ ನಂತರ ಶಾಲೆಗೆ ಬರಲಿಲ್ಲ. ಬಡತನ ಕಾರಣವೆಂದು ಹಾಜರಿ ಪುಸ್ತಕದಲ್ಲಿ ಬರೆದೆವು.

ಆದ್ದರಿಂದ ಭಾವಮೈದುನನನ್ನು ಬೈಯುವಾಗ ನಾನು ಬೇರೆ ದಡದಲ್ಲಿ ನಿಂತು ಬೈಯುತ್ತಿಲ್ಲ.

ಎಲ್ಲರೂ ನಾಳೆಯೇ ಕಾರಿನಡಿ ನುಸುಳಿರೆಂದು ನಾನು ಹೇಳುವುದಿಲ್ಲ. ಸಮನೆಲವಿಲ್ಲದವರು, ಸ್ಟ್ಯಾಂಡು ಕೊಳ್ಳಲಾರದವರು, ನನ್ನಂತೆ ಮಂಡಿ ನೋವಿನವರು ಬೇಡ. ತಗ್ಗು ಕಾರಿನವರು ಇನ್ನಷ್ಟು ಎಚ್ಚರ. ತೆಗೆದ ಎಣ್ಣೆಯನ್ನು ಏನು ಮಾಡುವಿರೆಂಬುದು ನಿಶ್ಚಯವಾಗದೆ ಬಿರಡೆಗೆ ಕೈಹಾಕಲೂ ಬೇಡ. ಒಂದು ಕಾರಿನಿಂದ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಮ್ಯಾಸಚೂಸೆಟ್ಸಿನಲ್ಲಿ ಎಣ್ಣೆ ಮಾರಿದ ಅಂಗಡಿಯೇ ರಸೀದಿ ನೋಡಿ ಹಳೆಯ ಎಣ್ಣೆಯನ್ನು ಮರಳಿ ಪಡೆಯಬೇಕು. ನಮ್ಮಲ್ಲಿಯೂ ಅದು ೨೦೧೬ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಆದರೂ ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ ಬಳಿಯುತ್ತೇವೆ, ತಾರಸಿಯ ಸೆಂಟ್ರಿಂಗ್ ಹಲಗೆಗೆ ಸವರುತ್ತೇವೆ, ಮಿಕ್ಕದ್ದನ್ನು ಮೋರಿಗೆ ಸುರಿಯುತ್ತೇವೆ. ಹಾಗೆ ಸುರಿಯುವವರು ಗ್ಯಾರೇಜಿಗೇ ಹೋಗಲಿ. ಆದರೆ ಅಲ್ಲಿ ಹೋದಾಗ ಒಳಗೆ ನಿಂತು ನೋಡಲಿ, ಕೆಲಸ ಮಾಡುವವನ ಹೆಸರು ಕೇಳಲಿ, ಮಕ್ಕಳನ್ನೂ ಕರೆದೊಯ್ಯಲಿ.

ಭಾವಮೈದುನನೇ, ಮುಂದಿನ ಆಯುಧಪೂಜೆಗೆ ನಾನು ನಿನ್ನ ಮನೆಗೆ ಬರುತ್ತೇನೆ. ನಿಂಬೆಹಣ್ಣು ತರಿಸಿಡು, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಬಾನೆಟ್ ತೆರೆದು ಕಡ್ಡಿ ಎಳೆದು ನೋಡೋಣ. ಫೋಟೋವನ್ನು ಬೀಗರಿಗೆ ಆಗಲೇ ಕಳುಹಿಸಿದ್ದೇನೆ.

ಮತ್ತೆ, ೧೯೮೩ರ ಆ ತರಗತಿಯವರಲ್ಲಿ ಒಂದು ಪ್ರಾರ್ಥನೆ. ಅವನು ಅರಸೀಕೆರೆಯ ಕಡೆ ಸ್ವಂತ ಗ್ಯಾರೇಜು ಇಟ್ಟಿದ್ದನೆಂದು ಬಹಳ ಹಿಂದೆ ಯಾರೋ ಹೇಳಿದ್ದರು. ಈಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ. ಬಸ್ಸಿನಲ್ಲಿ ಕುಳಿತು ಹೋಗಿಬರುವಷ್ಟು ಶಕ್ತಿ ನನಗೆ ಇನ್ನೂ ಇದೆ.